ಮೇಷ್ಟ್ರ ಬಲಗಾಲು

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ನಮ್ಮ ಭಾವ ಸ್ವಂತ ಹೆಂಡತಿಗೆ ಮಾತ್ರ ಇಪ್ಪತ್ತು ವರ್ಷ ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ಪ್ರಯತ್ನವೇನೋ ನಡೆದಿತ್ತಂತೆ. ಗೇರು ಹಾಕುವ ವಿಷಯಕ್ಕೆ ರೇಗಿ ನಮ್ಮಕ್ಕ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಬಾಗಿಲು ಧಡಾರನೆ ಹಾಕಿ, ಮನೆಗೆ ನಡೆದುಕೊಂಡು ಬಂದಿದ್ದಳು. ಭಾವ ತಿರುಗಿ ಒಂದು ಮಾತೂ ಆಡಲಿಲ್ಲವಂತೆ, ಅದಕ್ಕೇ ಅವಳಿಗೆ ಇನ್ನಷ್ಟು ಕೋಪ. ಕೋಪ ನಮ್ಮ ಮನೆತನದ ಆಸ್ತಿ. ಅಪ್ಪ ಬೇರೇನೂ ಬಿಟ್ಟುಹೋಗದೆ ಇಬ್ಬರು ಹೆಣ್ಣುಮಕ್ಕಳಿಗೂ ಅದನ್ನೇ ಸಮನಾಗಿ ಹಂಚಿದ್ದರು.

ಭಾವನಿಗೆ ಊರವರು ಇಟ್ಟ ಹೆಸರು ಕ್ಲಚ್ ಮೇಷ್ಟ್ರು. ದಿನಕ್ಕೆ ನೂರು ಸಲ ಆ ಒಂದು ಪದ ಹೇಳುತ್ತಿದ್ದರಲ್ಲ, ಅದಕ್ಕೆ. ಸರಕಿನ ವ್ಯಾನು ಓಡಿಸುತ್ತಿದ್ದವರು ಹಳೆಯ ಕಾರೊಂದನ್ನು ಕೊಂಡು, ಎಡಗಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಕೂರಿಸಿ, ಒಂದೇ ಶಟರಿನ ಅಂಗಡಿಯಲ್ಲಿ ಡ್ರೈವಿಂಗ್ ಸ್ಕೂಲು ತೆರೆದಿದ್ದರು. ಹೆದರಿಕೊಂಡು ಬಂದವರಿಗೆ ಮೊದಲ ದಿನ ಪಾಠವೇ ಇಲ್ಲ. ನಿಂತ ಕಾರಿನಲ್ಲಿ ಕೂರಿಸಿ, ಮನೆಯ ಸಮಾಚಾರ ಕೇಳಿ, ಪೆಪ್ಪರಮಿಂಟು ಕೊಟ್ಟು ಕಳಿಸುತ್ತಿದ್ದರು. ‘ಭಾವ, ಇದಕ್ಕೂ ಫೀಸು ತಗೋತೀರಲ್ಲ’ ಎಂದು ನಾನು ರೇಗಿಸಿದರೆ, ‘ಹೆದರಿಕೆ ಇಳಿಸೋದೇ ಕಷ್ಟ ಮೇಡಂ, ಕಾರು ಯಾರು ಬೇಕಾದ್ರೂ ಕಲಿಸ್ತಾರೆ’ ಅನ್ನುತ್ತಿದ್ದರು. ಗಂಡನನ್ನು ಕಳೆದುಕೊಂಡು ಅಕ್ಕನ ಮನೆಗೆ ಬಂದಾಗಿನಿಂದ ಆ ಸ್ಕೂಲಿನ ರಿಜಿಸ್ಟರು, ಫೋನು, ಅರ್ಜಿ ಎಲ್ಲ ನನ್ನದೇ. ಹಾಗಾಗಿ ನಾನು ಅವರಿಗೆ ಮೇಡಂ.

ಆ ವರ್ಷ ಭಾವ ಇದ್ದಕ್ಕಿದ್ದಂತೆ ಗುಂಡಿಯಿಲ್ಲದ ಬನಿಯನ್ನಿನಂಥ ಅಂಗಿ ಹಾಕತೊಡಗಿದರು. ಕಾರಿನ ಕೀಲಿ ಕೈಯಿಂದ ಪದೇ ಪದೇ ಜಾರುತ್ತಿತ್ತು. ಬಿಡಿಭಾಗ ತರುತ್ತೇನೆಂದು ಮೂರು ಸಲ ದೊಡ್ಡ ಊರಿಗೆ ಹೋಗಿ ಬಂದರು, ಮೂರು ಸಲವೂ ಬರಿಗೈಯಲ್ಲಿ. ಮೂರನೇ ಸಲ ಬಂದ ಮರುದಿನ ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವರು ಶಟರನ್ನು ಅರ್ಧಕ್ಕೆ ಇಳಿಸಿ, ಮೇಜಿನ ಮೇಲೆ ಆಸ್ಪತ್ರೆಯ ಕಾಗದ ಇಟ್ಟರು. ಕೈಕಾಲಿಗೆ ಹೀಗೆ ಮಾಡು ಎಂದು ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಮೊದಲು ಬೆರಳು, ಆಮೇಲೆ ಕೈಕಾಲು, ಮಾತು, ಕೊನೆಗೆ ಉಸಿರು. ವಾಸಿಯಾಗುವುದಿಲ್ಲ. ತಲೆ ಮಾತ್ರ ಕೊನೆಯವರೆಗೂ ಚೆನ್ನಾಗಿರುತ್ತದಂತೆ.

ಅವರು ನೀರಿನ ಬಾಟಲಿ ನನ್ನ ಕಡೆ ತಳ್ಳಿದರು.

‘ನಿಮ್ಮಕ್ಕನಿಗೆ ಲೈಸೆನ್ಸ್ ಸಿಗೋವರೆಗೂ ಬಾಯಿ ಬಿಡಬಾರದು,’ ಎಂದರು.

‘ಅದ್ಯಾಕೆ ಭಾವ?’

‘ಗೊತ್ತಾದ್ರೆ ಅವಳು ರಸ್ತೆ ನೋಡಲ್ಲ, ನನ್ನ ಮುಖ ನೋಡ್ತಾಳೆ. ನಾಳೆ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು? ಈ ಸ್ಕೂಲು ನಡೆಸೋರು ಯಾರು? ಮೊದಲು ಅವಳಿಗೆ ಸ್ಟೇರಿಂಗ್ ಕೈಗೆ ಬರಲಿ.’

ನಾನು ಒಪ್ಪಿದೆ. ಮಾತು ಕೊಟ್ಟಿದ್ದೆ, ಉಳಿಸಿಕೊಂಡೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅಕ್ಕನ ಎದುರು ನಿಂತು ಆ ವಿಷಯ ಹೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

‘ನಾಳೆಯಿಂದ ನೀನು ಕಾರು ಕಲೀಬೇಕು’ ಎಂದಾಗ ಅಕ್ಕ ಮೊದಲು ನಕ್ಕಳು. ‘ಈ ವಯಸ್ಸಿನಲ್ಲಿ ನಿಮಗೇನು ಬಂತು?’ ಎಂದಳು. ಆಮೇಲೆ ಒಳಗೊಳಗೇ ಖುಷಿಪಟ್ಟು, ಹಿಂದಿನ ಸೀಟಿನಲ್ಲಿ ನಾನು ಇರಲೇಬೇಕೆಂದು ಹಟ ಹಿಡಿದಳು. ‘ಇವರು ಬೈದ್ರೆ ನನಗೊಬ್ಬ ಸಾಕ್ಷಿ ಬೇಡ್ವಾ?’

ಬೆಳಿಗ್ಗೆ ಆರೂವರೆಗೆ ಪಾಠ. ನಲವತ್ತೈದರ ಅಕ್ಕ ಹತ್ತು ದಿನದಲ್ಲಿ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ಕಲಿತಳು. ಅವಳದೊಂದೇ ಕೆಟ್ಟ ಅಭ್ಯಾಸವೆಂದರೆ ಬ್ರೇಕು ತಡ. ಎದುರಿಗೆ ಏನಾದರೂ ಬಂದರೆ ಅರೆಗಳಿಗೆ ಕಾಯುತ್ತಿದ್ದಳು, ಆ ಅರೆಗಳಿಗೆಯಲ್ಲಿ ಭಾವನ ಬ್ರೇಕು ಬೀಳುತ್ತಿತ್ತು. ‘ನನ್ನ ಕಾಲು ನಂಬಬೇಡ, ನಿನ್ನ ಕಾಲು ನಂಬು’ ಎಂದು ಅವರು ದಿನಾ ಹೇಳುತ್ತಿದ್ದರು. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂಬತ್ತನೇ ದಿನ ಕಾರು ಹತ್ತುವಾಗ ಭಾವ ಮೊಣಕಾಲಿನ ಬಳಿ ಪ್ಯಾಂಟು ಹಿಡಿದು, ಬಲಗಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟುಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಸಂಜೆ ಕೇಳಿದೆ. ‘ಮರಗಟ್ಟಿತ್ತು ಕಣಮ್ಮ, ಕೂತೂ ಕೂತೂ’ ಎಂದರು. ನಾನು ನಂಬಿದೆ. ನಂಬುವುದೇ ಸುಲಭವಾಗಿತ್ತು. ಮರುದಿನದ ರಿಜಿಸ್ಟರಿನಲ್ಲಿ ಏಳು ಜನರ ಹೆಸರನ್ನು ನನ್ನ ಕೈಯಾರೆ ಬರೆದೆ.

ಹನ್ನೊಂದನೇ ದಿನ ಮಾರುಕಟ್ಟೆಯ ಹಿಂದಿನ ಇಳಿಜಾರಿನಲ್ಲಿ ಬರುತ್ತಿದ್ದೆವು. ಎಡಗಡೆ ಹಾಲಿನ ವ್ಯಾನು ನಿಂತಿತ್ತು. ಅದರ ಹಿಂದಿನಿಂದ, ಕೈಯಲ್ಲಿ ಚೀಲ ಹಿಡಿದ ಮುದುಕನೊಬ್ಬ ತಲೆ ಬಗ್ಗಿಸಿಕೊಂಡು ರಸ್ತೆಗೆ ಕಾಲಿಟ್ಟ. ಅಕ್ಕ ಎಂದಿನಂತೆ ಕಾಯ್ದಳು. ಬ್ರೇಕು ಬೀಳಲಿಲ್ಲ. ಭಾವ ‘ಬ್ರೇಕ್!’ ಎಂದು ಕಿರುಚಿದರು. ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಅಕ್ಕ ಎರಡೂ ಕಾಲು ಊರಿ ಒತ್ತಿದ ರಭಸಕ್ಕೆ ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಕಾರು ಗಕ್ಕನೆ ನಿಂತಿತು.

ಮುದುಕ ಎರಡು ಕೈಯನ್ನೂ ಬಾನೆಟ್ಟಿನ ಮೇಲೆ ಊರಿ ನಮ್ಮನ್ನೇ ದಿಟ್ಟಿಸಿದ. ‘ಕಣ್ಣು ಎಲ್ಲಿಟ್ಕೊಂಡಿದ್ದೀರಿ?’ ಎಂದು ಬೈದು, ಚೀಲ ಎತ್ತಿಕೊಂಡು, ಆ ಬದಿಗೆ ಹೋದ. ಮುಂದಿನ ಸೀಟಿನಲ್ಲಿ ಭಾವ ಬಗ್ಗಿ, ಎರಡು ಕೈಯಿಂದ ಬಲ ಮೊಣಕಾಲನ್ನು ಪೆಡಲಿನ ಕಡೆ ಒತ್ತುತ್ತಲೇ ಇದ್ದರು, ಮುದುಕ ಹೋದಮೇಲೂ.

ಅಕ್ಕ ಹ್ಯಾಂಡ್‌ಬ್ರೇಕ್ ಎಳೆದಳು. ಕೀಲಿ ತಿರುಗಿಸಿದಳು.

‘ರೀ, ಆ ಕಾಲು ಎತ್ತಿ.’

‘ಏನಿಲ್ಲ ಕಣೇ, ಸ್ವಲ್ಪ...’

‘ಕೈ ತೆಗೀರಿ. ಕೈ ತೆಗೆದು ಕಾಲು ಎತ್ತಿ ತೋರಿಸಿ.’

ಪಾದ ಒಂದಿಷ್ಟು ಅಲುಗಿತು, ಮೇಲೇಳಲಿಲ್ಲ. ಹಿಂದೆ ಹಾರ್ನಿನ ಮೇಲೆ ಹಾರ್ನು. ಭಾವ ಕಾಲನ್ನೇ ನೋಡುತ್ತ, ಮೂರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದರು. ಅಕ್ಕ ಅವರತ್ತ ತಿರುಗಲಿಲ್ಲ. ಕನ್ನಡಿ ಎತ್ತಿ ಸರಿಮಾಡಿ ಅದರೊಳಗಿಂದ ನನ್ನನ್ನು ನೋಡಿದಳು.

‘ನಿನಗೆ ಗೊತ್ತಿತ್ತು.’

ಅವಳು ಕಾರು ಚಾಲೂ ಮಾಡಿದಳು. ‘ಕ್ಲಚ್...’ ಎಂದು ಭಾವ ಅಭ್ಯಾಸಬಲದಿಂದ ಶುರುಮಾಡಿದರು. ‘ಸುಮ್ಮನಿರಿ’ ಎಂದಳು. ಮುಂದಿನ ತಿರುವಿನಲ್ಲಿ ಕಾರನ್ನು ಬದಿಗೆ ಹಚ್ಚಿ, ಬೀಗ ಹಾಕಿ, ಗಂಡನ ರಟ್ಟೆ ಹಿಡಿದು ಆಟೋ ಹತ್ತಿಸಿದಳು. ನಾನು ಕರೆಯದಿದ್ದರೂ ಹತ್ತಿದೆ.

ಆಫೀಸಿಗೆ ಬಂದವಳೇ ರಿಜಿಸ್ಟರ್ ತೆರೆದು, ಆ ದಿನದ ಹೆಸರುಗಳ ಮೇಲೆ ಬೆರಳಿಟ್ಟಳು. ನನ್ನನ್ನು ಬೈಯುತ್ತಾಳೆಂದುಕೊಂಡೆ. ಬೈದದ್ದು ಭಾವನನ್ನು.

‘ಈ ಹುಡುಗಿಗೆ ಹದಿನೆಂಟು. ನಮ್ಮ ಮಗಳಿಗಿಂತ ಮೂರು ವರ್ಷಕ್ಕೆ ದೊಡ್ಡವಳು. ಇವಳನ್ನ ಆ ಕಾಲು ನಂಬಿ ರಸ್ತೆಗೆ ಬಿಟ್ರಾ?’

‘ಖಾಲಿ ರಸ್ತೆಯಲ್ಲಿ ಮಾತ್ರ...’

‘ಆ ಮುದುಕ ಖಾಲಿ ರಸ್ತೆಗೇ ಇಳಿದಿದ್ದು.’

ಭಾವ ಡ್ರಾಯರಿನಿಂದ ಒಂದು ಫೈಲು ತೆಗೆದು ಅವಳ ಮುಂದಿಟ್ಟರು. ಕಾರು ಅವಳ ಹೆಸರಿಗೆ ಬದಲಾಗಿತ್ತು. ಯಾವುದೋ ಫಾರಮ್ಮು ಎಂದು ಹೇಳಿ ಅವಳಿಂದಲೇ ಸಹಿ ಹಾಕಿಸಿಕೊಂಡಿದ್ದರು. ವಿಮೆ, ಬ್ಯಾಂಕು, ಅಂಗಡಿಯ ಕರಾರು, ಎಲ್ಲದಕ್ಕೂ ಹೆಂಡತಿಯೋ ಮಗಳೋ ವಾರಸುದಾರರು. ಅವಳು ಕಲಿಸುವಷ್ಟು ಪಳಗುವವರೆಗೆ ಪಾಠ ಹೇಳಲು ನಿವೃತ್ತ ಬಸ್ ಡ್ರೈವರೊಬ್ಬರನ್ನೂ ಮಾತಾಡಿಸಿಟ್ಟಿದ್ದರು. ಯಾರಿಗೆ ಮೊದಲು ಫೋನು ಮಾಡಬೇಕು, ಯಾವ ಕಾಗದ ಯಾರ ಹತ್ತಿರ ಒಯ್ಯಬೇಕು, ಎಲ್ಲ ದಪ್ಪ ಅಕ್ಷರದಲ್ಲಿ. ಬರುಬರುತ್ತ ಅಕ್ಷರ ಸೊಟ್ಟಗಾಗಿ, ಕೊನೆಯ ಪುಟಗಳನ್ನು ಟೈಪು ಮಾಡಿಸಿದ್ದರು.

ಅಕ್ಕ ಪ್ರತಿಯೊಂದು ಹಾಳೆಯನ್ನೂ ಓದಿದಳು.

‘ಚೆನ್ನಾಗಿ ಮಾಡಿದ್ದೀರಿ,’ ಎಂದಳು. ‘ಇದು ನನಗೆ ಬೇಕಾಗುತ್ತೆ. ಆದ್ರೆ ಇಷ್ಟು ಹಾಳೆಯಲ್ಲಿ ಮಗಳಿಗೆ ಏನು ಹೇಳಬೇಕು ಅಂತ ಒಂದು ಸಾಲೂ ಇಲ್ವಲ್ಲ. ನನಗೆ ಯಾವಾಗ ಹೇಳಬೇಕು ಅಂತಾನೂ ಇಲ್ಲ. ಹೇಳದೇ ಹೋಗೋ ಅಂದಾಜಿತ್ತಾ?’

ಭಾವ ಅತ್ತರು. ಕಣ್ಣೊರೆಸಿಕೊಳ್ಳಲು ಕೈ ಎತ್ತುವುದೂ ನಿಧಾನ. ನನಗೆ ಅಳು ಬರಲಿಲ್ಲ, ನನ್ನ ಮೇಲೇ ಅಸಹ್ಯ ಹುಟ್ಟಿತ್ತು.

‘ಅವಳ ಪರೀಕ್ಷೆ ಮುಗೀಲಿ,’ ಎಂದರು. ‘ಎರಡೇ ವಾರ.’

ಅಷ್ಟೂ ಸಮಯ ಸಿಗದ ಹಾಗೆ ಮಾಡಿದವಳು ನಾನೇ. ಪಾಠ ನಿಂತಿತೆಂದು ಏಳು ಜನಕ್ಕೂ ಫೋನು ಮಾಡಲು ಅಕ್ಕ ಹೇಳಿದಳು. ಆರು ಜನ ‘ಮೇಷ್ಟ್ರಿಗೆ ಹುಷಾರಿಲ್ಲ’ ಎಂದರೆ ಸುಮ್ಮನಾದರು. ಮೂರೂವರೆಯವರೆಗೂ ಫೋನಿಗೆ ಸಿಗದ ಏಳನೆಯವಳು ನಮ್ಮ ಹುಡುಗಿಯ ಸಹಪಾಠಿಯ ತಾಯಿ. ಏನಾಗಿದೆ, ಎಷ್ಟು ದಿನ, ಕಟ್ಟಿದ ದುಡ್ಡಿನ ಗತಿಯೇನು ಎಂದು ಪ್ರಾಣ ತಿಂದಳು. ನನ್ನ ತಾಳ್ಮೆ ತಪ್ಪಿತು. ‘ಅವರ ಕೈಕಾಲೇ ಬಿದ್ದುಹೋಗ್ತಾ ಇದೆ ಕಣ್ರೀ, ವಾಸಿಯಾಗಲ್ಲ, ದುಡ್ಡು ನಾಳೆನೇ ವಾಪಸ್ ಕೊಡ್ತೀನಿ, ಸಾಕಾ?’ ಎಂದು ಫೋನಿಟ್ಟೆ. ಇಟ್ಟಮೇಲೆ ಏನು ಮಾಡಿದೆನೆಂದು ಗೊತ್ತಾಯಿತು. ಆ ಹೆಂಗಸು ದಿನಾ ನಾಲ್ಕು ಗಂಟೆಗೆ ಶಾಲೆಯ ಗೇಟಿನಲ್ಲಿ ನಿಂತಿರುತ್ತಾಳೆ.

ಅಕ್ಕ ಗಡಿಯಾರ ನೋಡಿದಳು. ಮೂರೂ ಮುಕ್ಕಾಲು. ಶಾಲೆಗೆ ಅರ್ಧ ಗಂಟೆಯ ದಾರಿ, ಮನೆಗೆ ಹತ್ತು ನಿಮಿಷ.

‘ಮನೆಗೆ ನಡೀರಿ,’ ಎಂದಳು. ‘ಅವಳು ಬಂದ ತಕ್ಷಣ ನೀವೇ ಹೇಳ್ತೀರಿ. ನಾನು ಹೇಳಲ್ಲ, ಇವಳಂತೂ ಬಾಯಿ ತೆಗೆಯೋ ಹಾಗಿಲ್ಲ.’

ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಹುಡುಗಿ ನಾಲ್ಕೂ ಕಾಲಿಗೆ ಬರಬೇಕು. ನಾಲ್ಕೂವರೆಯಾಯಿತು. ಅಕ್ಕ ಮಾಡಿದ ಚಹಾ ಆರಿ ಕೆನೆ ಕಟ್ಟಿತು. ಗೇಟಿನ ಸದ್ದಾದಾಗಲೆಲ್ಲ ಮೂವರೂ ತಲೆ ಎತ್ತುತ್ತಿದ್ದೆವು. ಒಂದು ಸಲ ಪಕ್ಕದ ಮನೆಯವರು, ಒಂದು ಸಲ ಗ್ಯಾಸಿನವನು. ಭಾವ ತುಟಿ ಅಲುಗಿಸುತ್ತ ಮಾತು ಜೋಡಿಸಿಕೊಳ್ಳುತ್ತಿದ್ದರು. ಸಾವಿರಾರು ಜನರ ಹೆದರಿಕೆ ಇಳಿಸಿದ ಮನುಷ್ಯ, ಸ್ವಂತ ಮಗಳಿಗೆ ಏನೆಂದು ಶುರುಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಅವಳು ಬಂದಳು. ಬ್ಯಾಗು ಇಳಿಸಲಿಲ್ಲ. ಬಾಗಿಲಲ್ಲೇ ನಿಂತು ಅಪ್ಪನ ಕೈಗಳನ್ನು ನೋಡಿದಳು, ಆಮೇಲೆ ಮೇಜಿನ ಕೆಳಗೆ, ಕಾಲುಗಳನ್ನು. ಅವಳ ಕಿವಿಗೆ ಬಿದ್ದಾಗಿದೆ ಎಂದು ನಮಗೆ ಅಲ್ಲೇ ತಿಳಿಯಿತು. ನಾನು ಭೂಮಿಗಿಳಿದುಹೋದೆ.

‘ಬಾ ಪುಟ್ಟ, ಕೂತ್ಕೋ,’ ಎಂದರು ಭಾವ. ಅವಳು ಕೂರಲಿಲ್ಲ. ಅವರು ಹೇಳಿದರು. ಎಲ್ಲಿಯೂ ಸುತ್ತಿಬಳಸಲಿಲ್ಲ. ಮೊದಲು ಬೆರಳು, ಈಗ ಕಾಲು, ಮುಂದೆ ಮಾತು ಎಂದರು. ‘ಆಮೇಲೆ ಉಸಿರಾಟ. ಅದಕ್ಕೆ ಔಷಧಿ ಇಲ್ಲ. ನಿನಗೆ ಮೊದಲೇ ಹೇಳಬೇಕಿತ್ತು, ಹೆದರಿಕೊಂಡು ಹೇಳಲಿಲ್ಲ. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡಿದೆ. ನನ್ನದು ತಪ್ಪು.’

ಹುಡುಗಿ ಬ್ಯಾಗಿನ ಪಟ್ಟಿಯನ್ನು ಎರಡು ಕೈಯಲ್ಲೂ ಬಿಗಿಹಿಡಿದಿದ್ದಳು.

‘ಅಪ್ಪ, ಒಂದು ಕೇಳ್ಲಾ? ಬೈಬಾರದು.’

‘ಕೇಳು.’

‘ಇದು ನನಗೂ ಬರುತ್ತಾ?’

ಬೆಳಗಿನಿಂದ ನೂರು ಪ್ರಶ್ನೆ ಕೇಳಿದ್ದ ಅಕ್ಕನಿಗೆ ಇದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

‘ಇಲ್ಲ,’ ಎಂದರು ಭಾವ. ಆ ದಿನ ಅವರು ತಡವರಿಸದೆ ಕೊಟ್ಟ ಉತ್ತರ ಅದೊಂದೇ. ‘ನನಗಿರೋದು ಅಪ್ಪನಿಂದ ಮಕ್ಕಳಿಗೆ ಬರೋ ತರದ್ದಲ್ಲ. ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದೀನಿ. ಮೂರನೇ ಸಲ ಹೋಗಿದ್ದೇ ಅದರ ರಿಪೋರ್ಟಿಗೆ. ಡಾಕ್ಟರು ಕಾಯಿಲೆ ಹೆಸರು ಹೇಳಿದ್ರಲ್ಲ, ಆಗ ನಾನು ಮೊದಲು ಕೇಳಿದ್ದೂ ಅದನ್ನೇ.’

‘ನಿಜವಾಗ್ಲೂ?’

‘ನಿನ್ನಾಣೆ.’

ಅವಳು ಬ್ಯಾಗು ಇಳಿಸಿ, ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಕೂತಮೇಲೆ ಅಳು ಬಂತು. ಅಳುತ್ತಲೇ ಕೇಳಿದಳು: ‘ನಿನಗೆ ಎಷ್ಟು ದಿನ ಇದೆ ಅಂದ್ರು?’

‘ಕೇಳಲಿಲ್ಲ,’ ಎಂದರು ಭಾವ.

‘ಯಾಕ್ರೀ?’ ಎಂದಳು ಅಕ್ಕ.

‘ಇವಳಿಗೆ ಬರಲ್ಲ ಅಂದ್ರಲ್ಲ, ಆ ಖುಷಿಯಲ್ಲಿ ಎದ್ದು ಬಂದ್ಬಿಟ್ಟೆ. ಬಸ್ಸು ಹತ್ತಿದ ಮೇಲೆ ನೆನಪಾಯ್ತು, ನಂದು ಕೇಳಲೇ ಇಲ್ಲ ಅಂತ. ಮತ್ತೆ ಒಬ್ಬನೇ ಹೋಗಿ ಕೇಳೋಕೆ ಧೈರ್ಯ ಆಗ್ಲಿಲ್ಲ.’

ಅಕ್ಕ ಬೆಳಗಿನಿಂದ ಗಂಡನ ಮುಖ ನೋಡಿರಲಿಲ್ಲ. ಈಗ ನೋಡಿದಳು. ಆರಿದ ಚಹಾದ ಲೋಟಗಳನ್ನು ಒಂದೊಂದಾಗಿ ಎತ್ತಿ, ಪಾತ್ರೆಗೆ ಸುರಿದು, ಮತ್ತೆ ಒಲೆಯ ಮೇಲಿಟ್ಟಳು.

‘ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡೋಣ,’ ಎಂದಳು. ‘ನೀವು, ನಾನು, ಪುಟ್ಟ, ಮೂರೂ ಜನ ಒಳಗೆ ಹೋಗಿ ಕೇಳೋಣ.’