ಮಲಗಿ ಮಾತಾಡಿಸುವ ಮೇಡಂ

ಸೇಡಂನ ಶಿವರಂಜನಿ ಮೇಡಂಗೆ ಎಷ್ಟು ಮಲಗಿದರೂ ದಣಿವು ಬಿಡದ ಕಾಯಿಲೆಯ ಹದಿಹರೆಯದ ಮಕ್ಕಳೊಂದಿಗೆ ಮಾತಾಡಿ ಆಪ್ತಸಲಹೆ ಕೊಡುವುದೇ ಕೆಲಸ. ಅವರ ಕೋಣೆಯಲ್ಲಿ ಕುರ್ಚಿಗಳಿವೆ, ಆದರೆ ಅವುಗಳಲ್ಲಿ ಕೂರುವುದು ಬರೀ ಕೈಚೀಲಗಳು. ಮೇಡಂ ಮಾತ್ರ ಫರಸಿಕಲ್ಲಿನ ತಣ್ಣನೆ ನೆಲದ ಮೇಲೆ ಅಂಗಾತ ಮಲಗಿಬಿಡುತ್ತಾರೆ, ತಹಶೀಲ್ದಾರರೇ ಬಂದರೂ ಏಳುವವರಲ್ಲ. "ಬಾ, ಮಲಕೊಂಡೇ ಹೇಳು. ಫ್ಯಾನ್ ನೋಡ್ಕೋತ ಮಾತಾಡಿದ್ರ ಸುಳ್ಳು ಬರಂಗಿಲ್ಲ" ಎನ್ನುತ್ತಾರೆ. ನಿನ್ನೆ ಏನು ಮಾಡಿದೆ ಎಂದು ಕೇಳುವುದಿಲ್ಲ; ತ್ರಾಣ ಉಳಿಸಲು ಯಾವ ಕೆಲಸ ಬಿಟ್ಟೆ ಎಂದು ಕೇಳಿ, ಬಿಟ್ಟದ್ದಕ್ಕೆ ಶಾಭಾಸ್ ಎನ್ನುತ್ತಾರೆ. ಹರಟೆ ರಂಗೇರುವ ಹೊತ್ತಿಗೇ "ಸಾಕು, ನಾಳಿಗಿ ಒಂದೀಟು ತ್ರಾಣ ಉಳೀಲಿ" ಎಂದು ನಿಲ್ಲಿಸುತ್ತಾರೆ. ಮನೆಯಲ್ಲೂ ಶಾಲೆಯಲ್ಲೂ ಮೈಗಳ್ಳಿ ಎನಿಸಿಕೊಂಡಿದ್ದ ಅಸ್ಫಿಯಾ ಮೊದಲ ದಿನ ಮೇಡಂ ಪಕ್ಕ ಮಲಗಿ, ಫ್ಯಾನಿಗೇ ಹೇಳುವಂತೆ, "ನನಗ ಖರೇನೇ ದಣಿವಾಗ್ತದ್ರಿ" ಎಂದಳು. "ಖರೇನೇ ಅದ" ಎಂದರು ಮೇಡಂ. ಅಷ್ಟಕ್ಕೇ ಅವಳಿಗೆ ಅಳು ಬಂದು ಎದೆ ಹಗುರಾಯಿತು. ಅಷ್ಟರಲ್ಲಿ ಅವಳ ಅಮ್ಮಿ ಅಖ್ತರ ಬೇಗಂ ಒಳಗೆ ಬಂದು, ರೂಢಿಯಂತೆ ಮಗಳಿಗೆ "ಏಳು" ಎನ್ನಲು ಬಾಯಿ ತೆರೆದಳು. ಮೇಡಂ ತುಸು ಸರಿದು ಜಾಗ ಮಾಡಿಕೊಟ್ಟರು. ಅಮ್ಮಿ ತನ್ನ ಕೈಚೀಲವನ್ನು ಕುರ್ಚಿಯ ಮೇಲಿಟ್ಟಳು. ಆಮೇಲೆ ಸೆರಗು ಸುತ್ತಿಕೊಂಡು ಮಗಳ ಪಕ್ಕ ಮೈಚಾಚಿ, "ಭಾಳ ತಂಪದ ರೀ" ಎಂದಳು. ಅಮ್ಮಿ ಹಗಲು ಹೊತ್ತು ಮಲಗಿದ್ದನ್ನು ಅಸ್ಫಿಯಾ ನೋಡಿದ್ದು ಅದೇ ಮೊದಲು.