ಸೋಲಾರ್ ಮನೆಯ ಮಾಲೀಕರು

ನಮ್ಮ ಮನೆ ಮಾಲೀಕರ ಹಣೆಯ ಮೇಲೆ ಸದಾ ಒಂದು ಕೆಂಪು ಗೆರೆ ಇರುತ್ತಿತ್ತು. ಹೊಸಬರು ಅದನ್ನು ಕುಂಕುಮವೆಂದು ತಿಳಿದು ಕೈ ಮುಗಿಯುತ್ತಿದ್ದರು. ಅದು ಅದಿರಿನ ಧೂಳು. ಎಲ್ಲಿ ಕೂರುವುದಿದ್ದರೂ ಮೊದಲು ಕರವಸ್ತ್ರದಿಂದ ಕುರ್ಚಿ ಒರೆಸುತ್ತಿದ್ದರು, ಆಮೇಲೆ ಅದೇ ಕರವಸ್ತ್ರದಿಂದ ಮುಖ. ಕೈ ಮುಗಿದವರಿಗೆ ಆಶೀರ್ವಾದವನ್ನೂ ಮಾಡುತ್ತಿದ್ದರು.

ಮೂಲತಃ ಕುರುಗೋಡಿನವರು. ಕುಡತಿನಿ ಕಡೆಯ ಹೊಲವನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟು, ಆ ದುಡ್ಡಿನಲ್ಲಿ ಬಳ್ಳಾರಿಯಲ್ಲಿ ಎರಡಂತಸ್ತು ಎಬ್ಬಿಸಿದ್ದರು. ಮೇಲೆ ಅವರು, ಕೆಳಗೆ ಬಾಡಿಗೆಗೆ ನಾವು. ಹೊಸ ಮನೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇಲ್ಲದಿದ್ದರೆ ಕರೆಂಟಿನ ಮೀಟರ್ ಇಲ್ಲ ಎಂಬ ನಿಯಮ ಬಂದಿದ್ದ ಕಾಲ ಅದು. ಕೂರಿಸಿದವರಿಗೆ, ಸಾಹೇಬರು ಬಂದು ತಪಾಸಣೆ ಮಾಡಿ ಹೋದ ಮೇಲೆ, ಸಬ್ಸಿಡಿಯೂ ಇತ್ತು. ಮಾಲೀಕರು ಕೂರಿಸಿದರು. ನಮ್ಮ ಬಚ್ಚಲಿಗೆ ಕೆಂಪು ಗುರುತಿನ ನಲ್ಲಿ ಹಾಕಿಸಿ, ಸೋಲಾರ್ ಮನೆ ಎಂದು ಬಾಡಿಗೆಯನ್ನೂ ಏರಿಸಿದರು. ಟ್ಯಾಂಕಿಗೂ ನಲ್ಲಿಗೂ ನಡುವೆ ಪೈಪನ್ನು ಮಾತ್ರ ಕೂಡಿಸಲಿಲ್ಲ. ಹೀಟರ್ ಇರಬೇಕು ಎಂದು ನಿಯಮದಲ್ಲಿದೆ, ನೀರು ಕಾಯಬೇಕು ಎಂದು ಎಲ್ಲಿದೆ ಎನ್ನುವುದು ಅವರ ವಾದ. ಇದನ್ನು ಹೇಳುವಾಗ ಅವರ ಮುಖಕ್ಕೆ ವಕೀಲರ ಕಳೆ ಬರುತ್ತಿತ್ತು.

ಬೇಸಿಗೆಯಲ್ಲಿ ಬಳ್ಳಾರಿಯ ತಣ್ಣೀರೇ ಕೈ ಸುಡುತ್ತದೆ, ಹಾಗಾಗಿ ನಾನೂ ಸುಮ್ಮನಿದ್ದೆ. ಚಳಿಗಾಲದಲ್ಲಿ ಮಗಳು ಹುಟ್ಟಿದಳು, ತೀರ ಸಣ್ಣ ಕೂಸು. ಅದಿರಿನ ಲಾರಿಗಳ ರಸ್ತೆಯಲ್ಲಿ ಹೆಂಡತಿಯನ್ನೂ ಕೂಸನ್ನೂ ತವರಿಗೆ ಕಳಿಸಬೇಡಿ ಎಂದರು ಡಾಕ್ಟರು. ಹಾಗಾಗಿ ಸಿರುಗುಪ್ಪದಿಂದ ಅತ್ತೆಯೇ ಬಂದರು. ತಾಯಿಗೂ ಕೂಸಿಗೂ ದಿನಾ ಹಂಡೆ ತುಂಬ ಬಿಸಿನೀರು ಬೇಕು. ಗ್ಯಾಸಿನ ಮೇಲೆ ಕಾಯುವ ಪಾತ್ರೆ ಯಾವ ಮೂಲೆಗೂ ಸಾಲದು. ಕೆಂಪು ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹಿತ್ತಲಲ್ಲಿ ಒಲೆ ಹೂಡಲು ಮಾಲೀಕರು ಬಿಡಲಿಲ್ಲ, ಹೊಗೆಗೆ ಗೋಡೆಯ ಬಣ್ಣ ಕೆಡುತ್ತದಂತೆ. ಹಾಗಾದರೆ ಪೈಪು ಕೂಡಿಸಿ ಎಂದೆ.

“ಸಬ್ಸಿಡಿ ಬರೋತನಕ ಅದಕ್ಕ ಕೈ ಹಚ್ಚಬ್ಯಾಡ್ರಿ,” ಎಂದರು. “ಅದು ಸಾಹೇಬ್ರು ನೋಡಾಕ ಇಟ್ಟಿದ್ದು, ಮೈ ತೊಳ್ಕೊಳ್ಳಾಕಲ್ಲ.”

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಕಲ್ಲು ಹೂಡಿ ಹಂಡೆ ಏರಿಸಿಯೇ ಬಿಟ್ಟರು. ಹೊಗೆ ಕಂಡು ಮಾಲೀಕರು ಮೆಟ್ಟಿಲಿಳಿದು ಕೂಗಾಡುತ್ತಿದ್ದಾಗಲೇ ತಪಾಸಣೆಯ ಸಾಹೇಬರು ಗೇಟಿಗೆ ಬಂದರು. ಬಚ್ಚಲ ನಲ್ಲಿ ತಿರುಗಿಸಿ ನೋಡಬೇಕು ಎಂದರು. ಒಳಗೆ ಅತ್ತೆ ಬಾಣಂತಿಗೆ ನೀರು ಹಾಕುತ್ತಿದ್ದರು. ಕಿಂಡಿಯಿಂದ ಹಬೆ ಹೊರಗೆ ಬರುತ್ತಿತ್ತು. ಮಾಲೀಕರ ದನಿ ಥಟ್ಟನೆ ಬೆಣ್ಣೆಯಾಯಿತು. ಬಾಣಂತಿ ಇರುವ ಬಚ್ಚಲಿಗೆ ಗಂಡಸರು ಹೋಗುವುದು ಹೇಗೆ, ಹಬೆಯನ್ನೇ ನೋಡಿಕೊಳ್ಳಿ ಎಂದು ಕಿಂಡಿ ತೋರಿಸಿದರು. ಸಾಹೇಬರು ನೋಡಿ, ತಲೆದೂಗಿ, ರುಜು ಹಾಕಿ ಹೋದರು. ಪಕ್ಕದಲ್ಲೇ ಉರಿಯುತ್ತಿದ್ದ ಒಲೆಯತ್ತ ತಿರುಗಲೂ ಇಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಅಸಹ್ಯ ಎಂದು ಇವತ್ತಿಗೂ ನನಗೆ ತೀರ್ಮಾನಿಸಲಾಗಿಲ್ಲ.

ಸಾಹೇಬರ ಬೈಕು ತಿರುವು ದಾಟಿತೋ ಇಲ್ಲವೋ, ನಾಳೆಯಿಂದ ಒಲೆ ಹಚ್ಚಕೂಡದು ಎಂದರು ಮಾಲೀಕರು. ಅತ್ತೆ ಒದ್ದೆ ಸೆರಗು ಹಿಂಡುತ್ತಾ ಹೊರಗೆ ಬಂದರು.

“ಸಾಹೇಬ್ರ ಆಫೀಸು ಎಲ್ಲೈತಿ ಹೇಳ್ರಿ. ನಾಳಿ ಕೂಸನ್ನ ಅಲ್ಲೇ ಒಯ್ದು ನೀರು ಹಾಕ್ತೀನಿ. ಅವ್ರೂ ನೋಡ್ಲಿ.”

ಮಾಲೀಕರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು ಮೇಲೆ ಹೋದರು. ಬಾಣಂತನ ಮುಗಿಯುವವರೆಗೂ ಒಲೆ ಆರಲಿಲ್ಲ. ಮಗಳು ಮೈ ತುಂಬಿಕೊಂಡಳು.

ಸಬ್ಸಿಡಿ ಬಂದದ್ದೇ ತಡ, ಮಾಲೀಕರು ಹೀಟರನ್ನು ಕೆಳಗಿಳಿಸಿ ಸಿರುಗುಪ್ಪದಲ್ಲಿ ಮನೆ ಕಟ್ಟುತ್ತಿದ್ದ ತಮ್ಮ ಭಾಮೈದನಿಗೆ ಕಳಿಸಿದರು. ಅಲ್ಲೂ ತಪಾಸಣೆ ಇತ್ತಲ್ಲ. ಮುಂದೆ ನಾವು ಪಕ್ಕದ ಬೀದಿಯಲ್ಲೇ ಸಣ್ಣ ಮನೆ ಕಟ್ಟಿಕೊಂಡು, ಪೈಪು ಕೂಡಿಸಿದ ಹೀಟರ್ ಹಾಕಿಸಿದೆವು. ಅದರ ಗಾಜಿನ ಮೇಲೆ ಕೂರುವ ಕೆಂಪು ಧೂಳನ್ನು, ನಮ್ಮ ಜೊತೆಗೇ ಉಳಿದಿದ್ದ ಅತ್ತೆ ದಿನಾ ಒರೆಸುತ್ತಿದ್ದರು.

ಗಣಿಗಳು ಬಂದ್ ಆಗುವ ಮೊದಲೇ ಮಾಲೀಕರು ತೀರಿಕೊಂಡರು. ಬೆಳಗಿನ ಚಳಿಯಲ್ಲಿ ಅವರ ಮಗ ನಮ್ಮ ಬಾಗಿಲಿಗೆ ಬಂದು, ಅಪ್ಪನಿಗೆ ಸ್ನಾನ ಮಾಡಿಸಬೇಕು, ಕರೆಂಟಿಲ್ಲ, ಎರಡು ಕೊಡ ಬಿಸಿನೀರು ಸಿಕ್ಕೀತೇ ಎಂದು ತಲೆ ತಗ್ಗಿಸಿ ಕೇಳಿದ. ಗೋಡೆಯ ಬಣ್ಣ ಕೆಟ್ಟರೂ ಪರವಾಗಿಲ್ಲ, ಒಲೆ ಹೂಡಿಕೊಳ್ಳಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಒಂದು ಕೊಡ ತುಂಬಿ ಸೊಂಟಕ್ಕೇರಿಸಿದ್ದರು. ಇನ್ನೊಂದನ್ನು ನಾನು ಎತ್ತಿಕೊಂಡೆ. ಮಾಲೀಕರ ಮೇಲಿನ ಗೌರವಕ್ಕಲ್ಲ. ಅತ್ತೆಗೆ ಎರಡು ಕೊಡ ಹೊರುವ ವಯಸ್ಸಿರಲಿಲ್ಲ.