ವಾಪಸ್ ಬಸವಯ್ಯ

ಅಗ್ರಹಾರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಚಿಕ್ಕಬಸವಯ್ಯನವರು ಯಾವ ಪಕ್ಷಕ್ಕೂ ಸೇರಿದವರಲ್ಲ. ಕೇಳಿದವರಿಗೂ ಕೇಳದವರಿಗೂ ಇದನ್ನು ಅವರೇ ಹೇಳುತ್ತಿದ್ದರು. ಎಲ್ಲ ಪಕ್ಷದ ನಾಯಕರೂ ಗಾಜಿನೊಳಗೆ ಕೂರಲು ಅವರ ಅಂಗಡಿಗೇ ಬರಬೇಕು. ಒಬ್ಬ ನಾಯಕ ಪಕ್ಷ ಬಿಟ್ಟನೋ, ಅದೇ ಕಟ್ಟು ಬಿಚ್ಚಿ ಇನ್ನೊಬ್ಬನನ್ನು ಕೂರಿಸಿ ಕೊಡುವರು. "ಕಟ್ಟು ನಂದು, ಮುಖ ಅವರವರದು ಕಣ್ರೀ. ನಾನು ಪಕ್ಷೇತರ" ಅನ್ನುವರು. ಹಾಗನ್ನುವಾಗ ಎದೆ ಒಂಚೂರು ಮುಂದಕ್ಕೆ ಬರುತ್ತಿತ್ತು.

ಕಾರ್ಪೊರೇಷನ್ ಚುನಾವಣೆ ಬಂದಾಗಲೆಲ್ಲ ನಾಮಪತ್ರ ಹಾಕುವರು, ಹಾಕಿದ್ದನ್ನು ವಾಪಸ್ ತೆಗೆದುಕೊಳ್ಳುವರು. ಹಾಗಂತ ಸುಮ್ಮಸುಮ್ಮನೆ ವಾಪಸ್ ತೆಗೆದುಕೊಳ್ಳುವ ಆಸಾಮಿಯಲ್ಲ. ವಾಪಸಿನ ಕೊನೇ ದಿನ ಪಕ್ಷದ ದೊಡ್ಡವರು ಮನೆ ಬಾಗಿಲಿಗೆ ಬರಬೇಕು, ಚಾಪೆ ಮೇಲೆ ಕೂರಬೇಕು, ಎಲೆ ಅಡಿಕೆ ತಟ್ಟೆ ಮುಂದಿಟ್ಟು "ತಾವು ದೊಡ್ಡ ಮನಸ್ಸು ಮಾಡಬೇಕು" ಅನ್ನಬೇಕು. ಆಗ ಬಸವಯ್ಯನವರು ಕಣ್ಣು ಮುಚ್ಚಿ ಯೋಚಿಸಿದ ಹಾಗೆ ಮಾಡಿ, "ಹಿರಿಯರ ಮಾತು ಮೀರೋಕಾಗಲ್ಲ" ಅಂತ ಎಲೆ ಎತ್ತಿಕೊಳ್ಳುವರು. ಎಲೆಯ ಜೊತೆಗೆ ಒಂದು ಸಣ್ಣ ಬೇಡಿಕೆಯೂ ಇರುತ್ತಿತ್ತು ಅನ್ನಿ.

ತೊಂಬತ್ತಾರರಲ್ಲಿ ಮನೆಮನೆಗೂ ನಲ್ಲಿ ಹಾಕಿಸ್ತೀನಿ ಅಂತ ನಿಂತರು. ಎಲೆ ಎತ್ತಿಕೊಂಡ ತಿಂಗಳಲ್ಲೇ ನಲ್ಲಿ ಬಂತು, ಅವರ ಮನೆಯೊಳಕ್ಕೆ. ಮುಂದಿನ ಸಲವೂ ಅದೇ ನಲ್ಲಿಯ ಮಾತು ಹೇಳಿ ನಿಂತರು. ಆ ಸಲ ಪಕ್ಷದ ಕಚೇರಿಯ ಫೋಟೋಗಳಿಗೆಲ್ಲ ಕಟ್ಟು ಹಾಕುವ ಆರ್ಡರು ಸಿಕ್ಕಿತು. ಬೀದಿಯವರು ಮಾತ್ರ ಮೂಲೆಯ ಕೊಳಾಯಿ ಮುಂದೆ ಬಿಂದಿಗೆ ಸಾಲಿಟ್ಟುಕೊಂಡು ಜಗಳ ಆಡುವುದು ತಪ್ಪಲಿಲ್ಲ. ಹೊಟ್ಟೆ ಉರಿದವರು ಅವರಿಗೆ ವಾಪಸ್ ಬಸವಯ್ಯ ಅಂತ ಹೆಸರಿಟ್ಟರು. ಎದುರಿಗೆ ಯಾರೂ ಹಾಗನ್ನುತ್ತಿರಲಿಲ್ಲ, ಹೆಂಡತಿ ಮಂಜುಳಮ್ಮನೊಬ್ಬರನ್ನು ಬಿಟ್ಟು.

ಮೂರನೆಯ ಸಲದ ಹೊತ್ತಿಗೆ ಕಾಲ ಕೆಟ್ಟಿತ್ತು. ಟಿಕೆಟ್ಟು ಸಿಗದೆ ಮುನಿಸಿಕೊಂಡವರೆಲ್ಲ ಪಕ್ಷೇತರರಾಗಿಬಿಟ್ಟಿದ್ದರು. ನಿನ್ನೆವರೆಗೂ ಪಕ್ಷವೇ ನನ್ನ ತಾಯಿ ಅಂದವರು ಇವತ್ತು ಜನರೇ ನನ್ನ ಪಕ್ಷ ಅನ್ನುತ್ತಿದ್ದರು. ರಾತ್ರೋರಾತ್ರಿ ತಾಯಿ ಬದಲಾಯಿಸುವ ಇಂಥ ಗಂಡುಗಲಿಗಳ ಸಂತೆಯಲ್ಲಿ ಕಟ್ಟು ಹಾಕುವ ಬಸವಯ್ಯನನ್ನು ಯಾರು ಕೇಳುತ್ತಾರೆ?

ಆದರೂ ಬಸವಯ್ಯನವರು ನಾಮಪತ್ರ ಹಾಕಿ, ವಾಪಸಿನ ಕೊನೇ ದಿನ ಬೆಳಗ್ಗೆಯೇ ಚಾಪೆ ಹಾಸಿಸಿದರು. ಮಂಜುಳಮ್ಮ ಗೊಣಗುತ್ತಾ ಉಪ್ಪಿಟ್ಟು ಕೆದಕಿದರು. ಉಪ್ಪಿಟ್ಟು ಆರಿತು, ಯಾರೂ ಬರಲಿಲ್ಲ. ಮಧ್ಯಾಹ್ನ ಪಕ್ಷದ ನಂಜುಂಡಸ್ವಾಮಿ ಸ್ಕೂಟರಿನಲ್ಲಿ ಬೀದಿಗೆ ಬಂದದ್ದು ಕಂಡು ಬಸವಯ್ಯನವರು ಶಲ್ಯ ಸರಿಮಾಡಿಕೊಂಡು ಬಾಗಿಲಿಗೆ ಬಂದರು. ಹಿಂದಿನ ಎರಡು ಸಲವೂ ತಟ್ಟೆ ತಂದಿದ್ದವನು ಇವನೇ. "ಏನ್ ಬಸವಯ್ಯನೋರೆ, ಚೆನ್ನಾಗಿದ್ದೀರಾ?" ಅಂದವನು ಸ್ಕೂಟರು ಕೂಡ ನಿಲ್ಲಿಸದೆ ಟಿಕೆಟ್ಟು ತಪ್ಪಿದ ಗೋವಿಂದರಾಜುವಿನ ಮನೆ ಕಡೆ ಹೊರಟುಹೋದ. ಹಿಂದಿನ ಸೀಟಿನಲ್ಲಿ ಕೂತಿದ್ದವನ ಕೈಯಲ್ಲಿ ಎಲೆ ಅಡಿಕೆ ತಟ್ಟೆ ಇತ್ತು.

"ಇನ್ನೂ ಟೈಮಿದೆ. ನೀವೇ ಹೋಗಿ ವಾಪಸ್ ತಗೊಂಡ್ ಬಂದ್ಬುಡಿ" ಅಂದರು ಮಂಜುಳಮ್ಮ.

"ಯಾರೂ ಕೇಳದೆ ವಾಪಸ್ ತಗೊಳ್ಳೋದಾ? ನಂಗೇನು ಮಾನ ಮರ್ಯಾದೆ ಇಲ್ವಾ?"

ಮೂರು ಗಂಟೆ ಹೊಡೆಯಿತು, ವಾಪಸಿನ ಗಡುವು ಮುಗಿಯಿತು. ಬಸವಯ್ಯನವರು ಇಂಗು ತಿಂದ ಮಂಗನ ಹಾಗೆ ಚಾಪೆ ಮೇಲೆ ಕೂತೇ ಇದ್ದರು. ಹೀಗೆ ಅವರು ನಿಜವಾದ ಅಭ್ಯರ್ಥಿಯಾದರು.

ಈಗ ಮರ್ಯಾದೆ ಉಳಿಯಬೇಕಾದರೆ ಓಟು ಬೀಳಬೇಕು. ಓಟು ಬೀಳಬೇಕಾದರೆ ಕೇಳಬೇಕು. ಎರಡು ಚುನಾವಣೆ ಕಂಡ ಈ ಮಹಾಶಯರು ಒಬ್ಬರ ಹತ್ತಿರವೂ ಓಟು ಕೇಳಿರಲಿಲ್ಲ. ಹೋದಲ್ಲೆಲ್ಲ ಜನ "ಇನ್ನೂ ವಾಪಸ್ ತಗೊಂಡಿಲ್ವಾ?" ಅಂತ ನಗುವರು. ಕೊಳಾಯಿ ಎದುರಿನ ಮನೆಯ ವಸಂತಮ್ಮ ಮಾತ್ರ ನಗಲಿಲ್ಲ. ಗಂಡ ತೀರಿಹೋದ ಮೇಲೆ ಸೊಪ್ಪು ಮಾರಿಕೊಂಡು ಬದುಕುವ ಹೆಂಗಸು.

"ಎರಡು ಸಲಾನೂ ನಿಮಗೇ ಆಕಿದ್ದೆ ಕಣ್ರೀ ಅಯ್ನೋರೆ."

"ಅದು ಹೇಗಮ್ಮ? ಓಟಿನ ಚೀಟೀಲಿ ನನ್ನ ಹೆಸರೇ ಇರಲಿಲ್ಲವಲ್ಲ."

"ಇರ್ನಿಲ್ಲ. ಉಡುಕ್ದೆ ಉಡುಕ್ದೆ, ಸಿಗ್ನಿಲ್ಲ. ನಲ್ಲಿ ಆಕುಸ್ತೀನಿ ಅಂತ ಮಾತು ಕೊಟ್ಟಿದ್ರಲ್ಲ ನೀವು, ಬ್ಯಾರೆಯವ್ರಿಗೆ ಎಂಗೆ ಒತ್ತೋದು? ಚೀಟಿ ಕೆಳಗೆ ಒಸಿ ಖಾಲಿ ಜಾಗ ಇತ್ತು. ನಿಮ್ಮೆಸರು ಯೋಳ್ಕಂಡು ಅಲ್ಲೇ ಮೊಹರು ಒತ್ಬುಟ್ಟು ಬಂದೆ."

ಬಸವಯ್ಯನವರಿಗೆ ನಾಚಿಕೆಯಾಯಿತು. ತಮಗೆ ಇಂಥದೊಂದು ಓಟು ಬಿದ್ದಿತ್ತು, ಅದೂ ಎರಡು ಸಲ ಬಿದ್ದು ಕಸವಾಗಿತ್ತು. "ಈ ಸಲ ನನ್ನ ಹೆಸರು ಇದ್ದೇ ಇರುತ್ತೆ ವಸಂತಮ್ಮ, ಸೀಟಿ ಗುರುತು" ಅಂದರು. ಪಾಪ ಅನ್ನಬೇಡಿ. ಪಕ್ಕದ ಮನೆಗೆ ಹೋಗುವಷ್ಟರಲ್ಲಿ ಆ ನಾಚಿಕೆಯೇ ಭಾಷಣವಾಗಿತ್ತು. "ಎಷ್ಟೆಷ್ಟೋ ಜನ ಬಂದು ಕಾಲು ಹಿಡಿದರು. ಬಡವರ ಮುಖ ನೋಡಿ ವಾಪಸ್ ತಗೊಳ್ಳಲಿಲ್ಲ" ಅಂತ ಶುರು ಹಚ್ಚಿಕೊಂಡರು. ಅಲ್ಲಾ ಸ್ವಾಮಿ, ಯಾರಪ್ಪ ಬಂದಿದ್ದವನು, ಯಾವ ಕಾಲು ಹಿಡಿದವನು? ಹೇಳುತ್ತಾ ಹೇಳುತ್ತಾ ಅವರಿಗೇ ಅದು ನಿಜ ಅನ್ನಿಸಿತು.

ಆದರೂ ರಾತ್ರಿ ಮಲಗುವಾಗ ಧೈರ್ಯ ಕೊಡುತ್ತಿದ್ದದ್ದು ವಸಂತಮ್ಮನ ಮಾತೇ. "ಯಾರು ಕೈಬಿಟ್ಟರೂ ಅವಳೊಬ್ಬಳು ಬಿಡಲ್ಲ. ಇಲ್ಲದವನಿಗೇ ಒತ್ತಿದವಳು ಕಣೇ, ಇರೋವನನ್ನ ಬಿಟ್ಟಾಳೆಯೇ?" ಅಂದರು ಹೆಂಡತಿಗೆ. ಮಂಜುಳಮ್ಮ ಆ ಕಡೆ ಮಗ್ಗುಲಾದರು.

ಓಟಿನ ದಿನ ಸ್ಕೂಲಿನ ಕಾಂಪೌಂಡಿನಾಚೆ ಬಸವಯ್ಯನವರು ನಿಂತಿದ್ದರು. ಈ ಸಲ ಚೀಟಿ ಇರಲಿಲ್ಲ, ಗುಂಡಿ ಒತ್ತುವ ಮಿಷನ್ನು ಬಂದಿತ್ತು. ವಸಂತಮ್ಮ ಬೆರಳಿನ ಶಾಯಿ ಸೆರಗಿಗೆ ತಾಗದ ಹಾಗೆ ಹಿಡಿದುಕೊಂಡು ಹೊರಗೆ ಬಂದಳು.

"ಇತ್ತಾ ನನ್ನ ಹೆಸರು?"

"ಇತ್ತು ಅಯ್ನೋರೆ. ಕೊನೇಲಿತ್ತು, ಸೀಟಿ ಬರೆದಿದ್ರು. ಚೆಂದಾಗಿ ಕಾಣ್ತಿತ್ತು."

"ಒತ್ತಿದೆಯಲ್ಲಮ್ಮ?"

"ಇಲ್ಲ. ಬ್ಯಾರೆಯವ್ರಿಗೆ ಒತ್ತುದೆ."

ಅವಳ ಮುಖದಲ್ಲಿ ಕೋಪವಿರಲಿಲ್ಲ, ಕುಚೋದ್ಯವೂ ಇರಲಿಲ್ಲ. "ನಿಮಗೆ ಎರಡು ಸಲ ಕೊಟ್ಟಾಯ್ತಲ್ಲ ಅಯ್ನೋರೆ" ಅಂದಳು. "ಪಾಪ, ಇನ್ನೊಬ್ಬರೂ ಕೇಳಿದ್ರು."

ಸೊಪ್ಪಿನ ಬುಟ್ಟಿ ತಲೆ ಮೇಲಿಟ್ಟುಕೊಂಡು ಮಾರಲು ಲಕ್ಷ್ಮೀಪುರಂ ಕಡೆ ಹೊರಟಳು.